ಪರದೆ ಏಳುವ ಮುನ್ನ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಊರಿನ ಸಭಾಂಗಣವೊಂದರಲ್ಲಿ ಹುಡುಗರ ನಾಟಕವನ್ನು ನೋಡಲು ಹೋಗಿದ್ದೆ. ಸ್ವಂತ ಆಸಕ್ತಿಯಿಂದ ಹೋದೆನೆಂದು ಹೇಳಲಾರೆ. ಮಿತ್ರರೊಬ್ಬರು ಟಿಕೆಟ್ಟು ಮಾರಿದ್ದರು. ದುಡ್ಡು ಕೊಟ್ಟ ಮೇಲೆ ಹೋಗದಿರುವುದು ಹೇಗೆಂದು ಹೋದೆ. ಆಟ ಆರಂಭವಾಗುವ ಮುನ್ನ, ಅದನ್ನು ಏರ್ಪಡಿಸಿದ್ದ ಸಂಸ್ಥೆಯ ಹಿರಿಯರೊಬ್ಬರು ಪರದೆಯ ಮುಂದೆ ಬಂದು ನಿಂತು ಹುಡುಗರ ಪರಿಚಯ ಮಾಡಿಕೊಟ್ಟರು. ಹೆಸರು ಹೇಳಿ ಮಾಡಿದ ಪರಿಚಯವಲ್ಲ. ಇವರಲ್ಲಿ ಇಷ್ಟು ಮಂದಿಯ ತಂದೆಯರು ಸೆರೆಮನೆಯಲ್ಲಿದ್ದಾರೆ, ಇಷ್ಟು ಮಂದಿ ರೈಲು ನಿಲ್ದಾಣದಲ್ಲಿ ಮಲಗುತ್ತಿದ್ದವರು, ಇಬ್ಬರು ಜೇಬು ಕತ್ತರಿಸಿ ಸಿಕ್ಕಿಬಿದ್ದವರು. ನಾಟಕಕ್ಕೆ ಬಾರದೆ ಹೋಗಿದ್ದರೆ ಇಷ್ಟು ಹೊತ್ತಿಗೆ ಇವರೆಲ್ಲ ಎಲ್ಲಿರುತ್ತಿದ್ದರೋ ದೇವರೇ ಬಲ್ಲ ಎಂದರು. ಒಳ್ಳೆಯ ಮನಸ್ಸಿನವರು, ಮಾತನಾಡುವಾಗ ಅವರ ಗಂಟಲು ಕಟ್ಟಿತ್ತು. ನಾನು ಕುಳಿತಿದ್ದ ಕಡೆಯಿಂದ ಪರದೆಯ ಸಂದಿನಲ್ಲಿ ಒಳಗಿನದು ಕಾಣುತ್ತಿತ್ತು. ಚಿನ್ನದ ಬಣ್ಣದ ಕಾಗದದ ಕಿರೀಟ ಇಟ್ಟುಕೊಂಡು, ಮೀಸೆ ಬರೆಸಿಕೊಂಡು, ರಾಜನಾಗಿ ಸಿದ್ಧನಾಗಿದ್ದ ಹುಡುಗನೊಬ್ಬ ಆ ಮಾತುಗಳನ್ನೆಲ್ಲ ಕೇಳುತ್ತ ನಿಂತಿದ್ದ. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಮನೆಗೆ ಮರಳುವ ದಾರಿಯಲ್ಲಿ ಒಂದು ಪ್ರಶ್ನೆ ಮುಳ್ಳಿನಂತೆ ಚುಚ್ಚತೊಡಗಿತು. ನಾನು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ? ನಾಟಕ ಇನ್ನೂ ಆರಂಭವೇ ಆಗಿರಲಿಲ್ಲ.

ಕಾಲ ಎಷ್ಟು ಬದಲಾಗಿದೆ ನೋಡಿ. ಹಿಂದೆ ನಮ್ಮ ಮನೆಗಳಲ್ಲಿ ಹುಡುಗ ಕೆಟ್ಟನೆಂಬುದಕ್ಕೆ ಆತ ನಾಟಕ ಕಂಪನಿ ಸೇರಿದ್ದೇ ಸಾಕಾದಷ್ಟು ಪುರಾವೆಯಾಗಿತ್ತು. ಕಂಪನಿ ಊರಿಗೆ ಬಂದು ಡೇರೆ ಹಾಕಿತೆಂದರೆ ತಾಯಂದಿರು ಮಕ್ಕಳ ಮೇಲೆ ಒಂದು ಕಣ್ಣಿಡುತ್ತಿದ್ದರು. ಬಿ. ವಿ. ಕಾರಂತರು ಹಾಗೆ ಮನೆ ಬಿಟ್ಟು ಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ ಹುಡುಗರಲ್ಲೊಬ್ಬರು. ಮುಂದೆ ಅವರನ್ನು ಓದಲು ಕಾಶಿಗೆ ಕಳುಹಿಸಿದವರೂ ವೀರಣ್ಣನವರೇ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದ್ದು ಆ ಕೆಟ್ಟ ಹುಡುಗನೇ. ಅಂದು ಯಾವುದು ರೋಗವಾಗಿತ್ತೋ ಇಂದು ಅದನ್ನೇ ನಾವು ಮದ್ದೆಂದು ಬರೆದುಕೊಡುತ್ತಿದ್ದೇವೆ: ಹುಡುಗ ದಾರಿ ತಪ್ಪುತ್ತಿದ್ದಾನೆಯೇ, ನಾಟಕಕ್ಕೆ ಸೇರಿಸಿ, ಕೊಳೆಗೇರಿಯಲ್ಲಿ ಗಲಾಟೆಯೇ, ಅಲ್ಲೊಂದು ರಂಗಶಿಬಿರ ನಡೆಸಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮದ್ದೆಂದು ಕೊಡುವವರು ಕುಡಿಯುವವನನ್ನು ರೋಗಿಯೆಂದು ಮೊದಲೇ ತೀರ್ಮಾನಿಸಿರುತ್ತಾರೆ. ತೊಡಕಿರುವುದು ಅಲ್ಲಿ.

ಇಂಥ ಹುಡುಗರಿಗೆ ಈಗ ‘ಅಪಾಯದ ಅಂಚಿನಲ್ಲಿರುವವರು’ ಎಂಬ ಹೆಸರು ಬಂದಿದೆ. ಯಾರಿಗೆ ಅಪಾಯ? ಹಸಿವು, ಮನೆಯಲ್ಲಿ ಕುಡಿತ, ಬೀದಿಯಲ್ಲಿ ಲಾಠಿ, ಇವೆಲ್ಲ ಹುಡುಗನಿಗೆ ಒದಗುವ ಅಪಾಯ. ಅವನು ಬಸ್ಸಿನಲ್ಲಿ ಪಕ್ಕಕ್ಕೆ ಬಂದು ನಿಂತಾಗ ನಾವು ಜೇಬು ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಅದು ಅವನಿಂದ ನಮಗೆ ಒದಗುವ ಅಪಾಯ. ಎರಡನ್ನೂ ಒಂದೇ ಹೆಸರಿನ ಚೀಲದಲ್ಲಿ ತುಂಬಿದ್ದೇವೆ. ಮೊದಲನೆಯದನ್ನು ಹೇಳುತ್ತ ಎರಡನೆಯದನ್ನು ನೆನೆಯುವುದು ಸುಲಭ. ‘ಇಲ್ಲದಿದ್ದರೆ ಎಲ್ಲಿರುತ್ತಿದ್ದರೋ’ ಎಂದು ಆ ಹಿರಿಯರು ಮಾತು ನಿಲ್ಲಿಸಿದಾಗ ಸಭೆಯಲ್ಲಿದ್ದವರೆಲ್ಲ ಆ ವಾಕ್ಯವನ್ನು ಮನಸ್ಸಿನಲ್ಲೇ ಪೂರ್ತಿ ಮಾಡಿಕೊಂಡರು: ನಮ್ಮ ಹಿತ್ತಿಲಲ್ಲಿ ಎಂದು.

ಹುಟ್ಟನ್ನೇ ಅಪಾಯವೆಂದು ಬರೆದಿಡುವ ಈ ಲೆಕ್ಕ ಹೊಸದಲ್ಲ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಯಾವ ಬುಡಕಟ್ಟನ್ನಾಗಲಿ ಅಪರಾಧಿಯೆಂದು ಸಾರಿ, ಅದರ ಜನರ ಹೆಸರನ್ನು ಪಟ್ಟಿಯಲ್ಲಿ ಬರೆಸಿ, ಹಾಜರಿ ಹಾಕಿಸಿ, ರಹದಾರಿ ಇಲ್ಲದೆ ಊರು ಬಿಟ್ಟವರನ್ನು ಹಿಡಿದು ಶಿಕ್ಷಿಸುವ ಅಧಿಕಾರ ಅದರಿಂದ ಬಂತು. ಏನು ಮಾಡಿದ ಎಂದು ಕೇಳಬೇಕಾಗಿರಲಿಲ್ಲ, ಯಾರ ಮಗ ಎಂದು ಕೇಳಿದರೆ ಸಾಕಾಗಿತ್ತು. ಮೊದಲು ಉತ್ತರದ ಪ್ರಾಂತಗಳಲ್ಲಿದ್ದ ಈ ಶಾಸನ ಬರಬರುತ್ತ ದಕ್ಷಿಣಕ್ಕೂ ಇಳಿಯಿತು. ಹಗ್ಗದ ಮೇಲೆ ನಡೆದು, ಹಾಡಿ, ಕುಣಿದು ಹೊಟ್ಟೆ ಹೊರೆಯುತ್ತಿದ್ದ ಅಲೆಮಾರಿಗಳೂ ಹಲವೆಡೆ ಆ ಪಟ್ಟಿಗೆ ಸೇರಿದರು. ಅದೇ ಕಾಯಿದೆಯ ಎರಡನೆಯ ಭಾಗ ಹಿಜಡಾಗಳನ್ನು ಕುರಿತದ್ದು. ಪಟ್ಟಿಯಲ್ಲಿ ಹೆಸರಿದ್ದವರು ಹೆಣ್ಣಿನ ವೇಷದಲ್ಲಿ ಬೀದಿಗೆ ಬಂದರೆ, ಕುಣಿದರೆ, ವಾದ್ಯ ನುಡಿಸಿದರೆ ಹಿಡಿದು ಸೆರೆಗೆ ಹಾಕಬಹುದಿತ್ತು. ವೇಷ ಕಟ್ಟಿದರೆ ಉದ್ಧಾರವಾಗುತ್ತೀರಿ ಎಂದು ಇಂದು ನಾವು ಯಾರ ಮಕ್ಕಳಿಗೆ ಹೇಳುತ್ತಿದ್ದೇವೆಯೋ ಅಂಥವರ ಹಿರಿಯರು ವೇಷ ಕಟ್ಟಿದ್ದೇ ಒಂದು ಕಾಲಕ್ಕೆ ಅಪರಾಧವಾಗಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಕೊರೆಯುತ್ತದೆ. 1897ರ ತಿದ್ದುಪಡಿಯಲ್ಲಿ, ನಾಲ್ಕರಿಂದ ಹದಿನೆಂಟು ವರ್ಷದೊಳಗಿನ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣೆಯ ವಸತಿಗಳಲ್ಲಿಡಲು ಅವಕಾಶ ಮಾಡಿಕೊಟ್ಟರು. ಮಕ್ಕಳ ಹಿತಕ್ಕಾಗಿಯೇ ಎಂದು ಕಾರಣ ಹೇಳಿದರು. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ‘ಸೆಟ್ಲಮೆಂಟ್’ ಎಂಬ ಬಡಾವಣೆಗಳು ಇಂದಿಗೂ ಇವೆ. ಆಟೋದವನಿಗೆ ಆ ಹೆಸರು ಹೇಳಿ ದಿನವೂ ಹೋಗಿ ಬರುವವರಲ್ಲಿ ಅದರ ಅರ್ಥ ಎಷ್ಟು ಜನಕ್ಕೆ ಗೊತ್ತೋ! ಅಂಥ ಸೆಟ್ಲಮೆಂಟುಗಳಲ್ಲಿ ಬೇಲಿ ಇತ್ತು, ಹಾಜರಿ ಇತ್ತು, ಗಿರಣಿಯ ದುಡಿಮೆ ಇತ್ತು. ಜೊತೆಗೆ ಮಕ್ಕಳಿಗೆ ಶಾಲೆ, ಪ್ರಾರ್ಥನೆ, ಶಿಸ್ತು ಎಲ್ಲವೂ ಇದ್ದವು. ಅವನ್ನು ನಡೆಸಿದವರೆಲ್ಲ ಕ್ರೂರಿಗಳೆಂದು ನಾನು ನಂಬಲಾರೆ. ಎಷ್ಟೋ ಜನ ನಿಜವಾಗಿ ಒಳಿತನ್ನೇ ಬಯಸಿದವರು. ಅವರ ಗಂಟಲೂ ಒಮ್ಮೊಮ್ಮೆ ಕಟ್ಟಿರಬೇಕು. ನನಗೆ ಭಯವಾಗುವುದು ಇದಕ್ಕೇ. ಒಳ್ಳೆಯ ಮನಸ್ಸು ಬೇಲಿಯ ಎರಡು ಕಡೆಯೂ ನಿಲ್ಲಬಲ್ಲದು.

1952ರ ಆಗಸ್ಟ್ 31ರಂದು ಸ್ವತಂತ್ರ ಭಾರತ ಆ ಕಾಯಿದೆಯನ್ನು ರದ್ದುಮಾಡಿತು. ಅಪರಾಧಿಗಳೆನಿಸಿಕೊಂಡಿದ್ದವರು ‘ವಿಮುಕ್ತ’ರಾದರು. ಕಾಗದದಲ್ಲಿ ವಿಮುಕ್ತರಾದರೂ ನೆರೆಯವರ ಕಣ್ಣಿನಲ್ಲಿ ಆಗಲಿಲ್ಲ. ಈ ಕಾಗದಕ್ಕೂ ಆ ಕಣ್ಣಿಗೂ ನಡುವೆ ಹುಟ್ಟಿದ ಒಂದು ನಾಟಕದ ಕಥೆಯನ್ನು ಹೇಳಬೇಕು.

ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಖೇಡಿಯಾ ಶಬರರೆಂಬ ವಿಮುಕ್ತ ಬುಡಕಟ್ಟಿನವರಿದ್ದಾರೆ. 1998ರ ಫೆಬ್ರವರಿಯಲ್ಲಿ ಬುಧನ್ ಶಬರ್ ಎಂಬ ಯುವಕನನ್ನು ಪೋಲೀಸರು ಹಿಡಿದೊಯ್ದರು. ಕೆಲವೇ ದಿನಗಳಲ್ಲಿ ಆತ ಬಂಧನದಲ್ಲೇ ಸತ್ತ. ನೇಣು ಹಾಕಿಕೊಂಡನೆಂದು ಪೋಲೀಸರು ಹೇಳಿದರು. ಆಗ ಆ ಬಡ ಜನ ಮಾಡಿದ ಉಪಾಯ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅವರು ಹುಲ್ಲಿನ ಬೊಂಬೆಯೊಂದನ್ನು ಸುಟ್ಟು, ಹೆಣವನ್ನು ದಹನ ಮಾಡಿದೆವೆಂದು ತೋರಿಸಿ, ನಿಜವಾದ ಹೆಣವನ್ನು ಗುಟ್ಟಾಗಿ ಹೂತಿಟ್ಟರು. ಹೀಗೆ ಸಾಕ್ಷ್ಯ ಉಳಿಯಿತು. ಮಹಾಶ್ವೇತಾ ದೇವಿಯವರು ಈ ಸಂಗತಿಯನ್ನು ಕಲ್ಕತ್ತೆಯ ಉಚ್ಚ ನ್ಯಾಯಾಲಯಕ್ಕೆ ಒಯ್ದರು, ಹೆಣದ ಮರುಪರೀಕ್ಷೆಯಾಯಿತು. ಅದೇ ವರ್ಷ ಜುಲೈಯಲ್ಲಿ ತೀರ್ಪು ಬಂತು. ವಿಧವೆಗೆ ಪರಿಹಾರ ಕೊಡಬೇಕೆಂದೂ ಸಾವಿನ ತನಿಖೆಯನ್ನು ಕೇಂದ್ರದ ತನಿಖಾ ದಳ ನಡೆಸಬೇಕೆಂದೂ ನ್ಯಾಯಾಲಯ ಆದೇಶಿಸಿತು. ನಾಟಕವೆಂದರೆ ಏನೆಂದು ಕೇಳುವವರಿಗೆ ಆ ಹುಲ್ಲಿನ ಬೊಂಬೆಯನ್ನು ತೋರಿಸಬೇಕೆನ್ನಿಸುತ್ತದೆ. ಸುಳ್ಳು ಹೆಣ ಸುಟ್ಟು ನಿಜವಾದ ಸಾವನ್ನು ಉಳಿಸಿಕೊಂಡವರು ಅವರು.

ಅತ್ತ ಅಹಮದಾಬಾದಿನಲ್ಲಿ ಛಾರಾನಗರವೆಂಬ ಪೇಟೆ ಇದೆ. ಬ್ರಿಟಿಷರ ಕಾಲದ ಸೆಟ್ಲಮೆಂಟಿನಲ್ಲಿದ್ದ ಛಾರಾ ಜನರ ಮಕ್ಕಳು ಮೊಮ್ಮಕ್ಕಳು ಇರುವ ಜಾಗ. ನಗರದವರಿಗೆ ಅದರ ಹೆಸರು ಕೇಳಿದರೆ ಸಾಕು, ಕಳವು ಮತ್ತು ಕಳ್ಳಭಟ್ಟಿ ನೆನಪಾಗುತ್ತವೆ. ಎರಡೂ ಅಲ್ಲಿ ಇರಲೇ ಇಲ್ಲವೆಂದು ಛಾರಾಗಳೇ ಹೇಳುವುದಿಲ್ಲ. ಆದರೆ ಅಲ್ಲಿ ವಕೀಲರಿದ್ದಾರೆ, ಉಪಾಧ್ಯಾಯರಿದ್ದಾರೆ, ದುಡಿದು ತಿನ್ನುವವರಿದ್ದಾರೆ. ಅವರ ವಿಳಾಸ ಮಾತ್ರ ಅದೇ. 1998ರಲ್ಲಿ ಗಣೇಶ ದೇವಿಯವರೂ ಮಹಾಶ್ವೇತಾ ದೇವಿಯವರೂ ಅಲ್ಲಿಗೆ ಹೋದರು. ಗಣೇಶ ದೇವಿಯವರು ಬಡೋದೆಯ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು ಬುಡಕಟ್ಟುಗಳ ನಡುವೆ ಕೆಲಸಕ್ಕೆ ನಿಂತವರು. 2016ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದ ಮೇಲೆ ಕನ್ನಡಿಗರಿಗೂ ಹತ್ತಿರದವರಾದರು. ಛಾರಾನಗರದಲ್ಲಿ ಮೊದಲು ಆರಂಭವಾದದ್ದು ನಾಟಕವಲ್ಲ, ಒಂದು ಚಿಕ್ಕ ಪುಸ್ತಕಾಲಯ. ಹುಡುಗರು ಅಲ್ಲಿ ಕೂತು ಓದಿದರು, ಹರಟೆ ಹೊಡೆದರು. ಬುಧನ್‌ನ ಸಾವನ್ನು ಕುರಿತ ಬರಹಗಳನ್ನೂ ಓದಿದರು. ಸಾವಿರ ಮೈಲಿಯಾಚೆ, ತಮಗೆ ಗೊತ್ತಿಲ್ಲದ ಭಾಷೆಯಾಡುವ ಯಾರೋ ಒಬ್ಬ ಯುವಕನ ಕಥೆ ಅವರಿಗೆ ಬೀದಿಯ ಕೊನೆಯ ಮನೆಯ ಕಥೆಯಂತೆ ಕಂಡಿತು. ಅದನ್ನು ನಾಟಕ ಮಾಡಿದರು. 1998ರ ಆಗಸ್ಟ್ 31ರಂದು ಛಾರಾನಗರದಲ್ಲೇ ಆಡಿದರು. ಅಂದಿನಿಂದ ಆ ತಂಡಕ್ಕೆ ‘ಬುಧನ್ ಥಿಯೇಟರ್’ ಎಂಬ ಹೆಸರಾಯಿತು. ಅದನ್ನು ಮುನ್ನಡೆಸಿದವರಲ್ಲಿ ಪ್ರಮುಖರಾದ ದಕ್ಷಿಣ್ ಬಜರಂಗೆ ಛಾರಾನಗರದವರೇ.

ಆ ನಾಟಕಕ್ಕೆ ದೃಶ್ಯದ ಪರದೆ ಬೇಡ, ದೀಪದ ಸಾಲು ಬೇಡ. ಹತ್ತಾರು ಜನರ ಮೈ ಮತ್ತು ಗಂಟಲು ಸಾಕು. ಅವರೇ ಪೋಲೀಸರು, ಅವರೇ ಶಬರರು, ಅವರೇ ಠಾಣೆಯ ಗೋಡೆ. ಕೊನೆಯಲ್ಲಿ ನಟರು ನೋಡುವವರ ಕಡೆಗೇ ತಿರುಗಿ, ನಾವು ಈ ದೇಶದ ಎರಡನೆಯ ದರ್ಜೆಯ ಜನವೇ ಎಂದು ಕೇಳುತ್ತಾರೆ. ತಾವು ಸುಧಾರಿಸಿದ್ದೇವೆ ಎಂದು ಹೇಳುವುದಿಲ್ಲ. ಕಳವು ಬಿಟ್ಟೆವು, ನಮ್ಮನ್ನು ಮೆಚ್ಚಿ ಎಂದು ಬೇಡುವುದಿಲ್ಲ. ಆ ಸಭಾಂಗಣದ ಹಿರಿಯರ ಪೀಠಿಕೆಗೂ ಈ ಪ್ರಶ್ನೆಗೂ ಇರುವ ಅಂತರವನ್ನು ನೋಡಿ. ಎರಡರಲ್ಲೂ ಹುಡುಗರ ಹಿನ್ನೆಲೆಯೇ ವಿಷಯ. ಅಲ್ಲಿ ಬೇರೊಬ್ಬರು ಅದನ್ನು ನಮಗೆ ಒಪ್ಪಿಸಿ ಕರುಣೆ ಕೇಳಿದರು. ಇಲ್ಲಿ ಹುಡುಗರೇ ಅದನ್ನು ಎತ್ತಿಕೊಂಡು ನಮ್ಮಿಂದ ಲೆಕ್ಕ ಕೇಳುತ್ತಾರೆ.

ಕರುಣೆ ಎಂದೆ. ನಮ್ಮ ಅಲಂಕಾರಿಕರು ಕರುಣರಸಕ್ಕೂ ದಯೆಗೂ ನಡುವೆ ಒಂದು ಗೆರೆ ಎಳೆದಿದ್ದಾರೆ ಎಂದು ನನ್ನ ತಿಳಿವಳಿಕೆ. ಭಟ್ಟನಾಯಕ ಹೇಳಿದ ಸಾಧಾರಣೀಕರಣವೆಂದರೆ ಅದೇ ತಾನೆ? ರಂಗದ ಮೇಲಿನ ದುಃಖ ಆ ನಟನದಲ್ಲ, ನನ್ನದೂ ಅಲ್ಲ, ಎಲ್ಲರದು. ಆದ್ದರಿಂದಲೇ ಅದನ್ನು ಸವಿಯಬಹುದು. ದಯೆಗೆ ಎತ್ತರದ ಆಸನ ಬೇಕು. ರಸಕ್ಕೆ ಸಮನಾದ ನೆಲ ಬೇಕು. ಪೀಠಿಕೆ ಕೇಳಿದ ಮೇಲೆ ನನಗೆ ರಾಜ ಕಾಣಿಸಲೇ ಇಲ್ಲ, ರಾಜನ ವೇಷದ ಜೇಬುಗಳ್ಳ ಕಾಣಿಸಿದ. ಅವನು ಎಷ್ಟು ಚೆನ್ನಾಗಿ ನಟಿಸಿದರೂ ‘ಅಂಥ ಹುಡುಗನಾಗಿ ಇಷ್ಟು ಮಾಡಿದನಲ್ಲ’ ಎಂದುಕೊಂಡೆನೇ ಹೊರತು ಚೆನ್ನಾಗಿ ಮಾಡಿದನೆಂದುಕೊಳ್ಳಲಿಲ್ಲ. ಕೆಟ್ಟದಾಗಿ ನಟಿಸಿದ್ದರೆ? ಆಗಲೂ ಅಷ್ಟೇ ಚಪ್ಪಾಳೆ ಬೀಳುತ್ತಿತ್ತು. ಕೆಟ್ಟ ನಟನೆಂದು ಅನ್ನಿಸಿಕೊಳ್ಳುವ ಹಕ್ಕನ್ನೂ ನಾವು ಅವನಿಂದ ಕಸಿದುಕೊಂಡಿದ್ದೆವು.

ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಒಂದು ಜಗಳ ಬರುತ್ತದೆ. ದೇವತೆಗಳು ಅಸುರರನ್ನು ಗೆದ್ದ ಕಥೆಯೇ ಮೊದಲ ಪ್ರಯೋಗ. ನೋಡಲು ಬಂದಿದ್ದ ಅಸುರರಿಗೆ ತಮ್ಮ ಸೋಲು ಕಂಡು ಸಹಿಸಲಾಗಲಿಲ್ಲ; ವಿಘ್ನರನ್ನು ಕೂಡಿಕೊಂಡು ನಟರ ಮಾತನ್ನೂ ಚಲನೆಯನ್ನೂ ಸ್ತಂಭಿಸಿಬಿಟ್ಟರು. ಇಂದ್ರ ಧ್ವಜದಂಡ ಹಿಡಿದು ಅವರನ್ನು ಬಡಿದ. ಬ್ರಹ್ಮ ನಡುವೆ ಬಂದು, ನಾಟ್ಯ ದೇವತೆಗಳೊಬ್ಬರದೇ ಅಲ್ಲ, ಅದು ಮೂರು ಲೋಕದ ಭಾವಗಳ ಅನುಕೀರ್ತನವೆಂದು ಸಮಾಧಾನ ಹೇಳಿದ. ಪಂಡಿತರು ಇದನ್ನು ರಂಗಪೂಜೆಯ ಮೂಲವನ್ನು ವಿವರಿಸಲು ಹೇಳುತ್ತಾರೆ. ನನಗೆ ಮಾತ್ರ ಆ ಅಸುರರ ದೂರು ನ್ಯಾಯವಾದದ್ದೆಂದು ತೋರುತ್ತದೆ. ಅವರಿಗೆ ಸಿಕ್ಕಿದ್ದು ದಂಡದ ಪೆಟ್ಟು, ಮೇಲೊಂದು ಉಪದೇಶ. ತಮ್ಮ ಕಥೆಯನ್ನು ತಾವೇ ಆಡಲು ರಂಗ ಸಿಗಲಿಲ್ಲ. ಛಾರಾನಗರದ ಹುಡುಗರು 1998ರಲ್ಲಿ ಆ ರಂಗವನ್ನು ತಾವೇ ಹಾಕಿಕೊಂಡರು.

ಇಷ್ಟು ಹೇಳಿದರೆ ವ್ಯವಹಾರಜ್ಞರು ಸುಮ್ಮನಿರುವುದಿಲ್ಲ. ನಾಟಕದಿಂದ ಕಳವು ಎಷ್ಟು ಕಡಿಮೆಯಾಯಿತು, ಎಷ್ಟು ಹುಡುಗರಿಗೆ ನೌಕರಿ ಸಿಕ್ಕಿತು ಎಂದು ಕೇಳುತ್ತಾರೆ. ದುಡ್ಡು ಕೊಡುವವರ ಪ್ರಶ್ನೆ, ತಪ್ಪೆನ್ನಲಾರೆ. ಛಾರಾನಗರದಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದವರಿದ್ದಾರೆಂದು ಹೇಳಿ ಅವರ ಬಾಯಿ ಮುಚ್ಚಿಸಬಹುದು. ಆದರೆ ಆ ಉತ್ತರದಿಂದ ಪ್ರಶ್ನೆಯನ್ನೇ ಒಪ್ಪಿಕೊಂಡಂತಾಗುತ್ತದೆ. ನಮ್ಮ ಮನೆಯ ಹುಡುಗಿಯನ್ನು ವೀಣೆಯ ಪಾಠಕ್ಕೆ ಕಳುಹಿಸುತ್ತೇವೆ, ಹುಡುಗನಿಗೆ ಮೃದಂಗ ಕಲಿಸುತ್ತೇವೆ. ಮೂರು ವರ್ಷ ಕಲಿತ ಮೇಲೆ ಇವರ ಅಪರಾಧ ಪ್ರವೃತ್ತಿ ಎಷ್ಟು ತಗ್ಗಿತೆಂದು ಯಾರಾದರೂ ವರದಿ ಕೇಳಿದ್ದುಂಟೇ? ನಮ್ಮ ಮಕ್ಕಳಿಗೆ ಕಲೆ ಕಲೆಗಾಗಿ. ಅವರ ಮಕ್ಕಳಿಗೆ ತಿದ್ದುಪಡಿಗಾಗಿ. ನಿನ್ನೆ ರಾತ್ರಿ ಸೊಗಸಾಗಿ ಆಡಿದ ಹುಡುಗ ನಾಳೆ ಕಳವು ಮಾಡಿ ಸಿಕ್ಕಿಬಿದ್ದನೆನ್ನಿ. ಕಳವು ತಪ್ಪೇ, ಶಿಕ್ಷೆಯೂ ಆಗಲಿ. ಆದರೆ ನಿನ್ನೆಯ ಆಟ ಅದರಿಂದ ಕೆಟ್ಟ ಆಟವಾಯಿತೇ? ಆಯಿತೆನ್ನುವವರು ಹಳೆಯ ಹಾಜರಿಪಟ್ಟಿಯನ್ನು ಹೊಸ ರಟ್ಟಿನಲ್ಲಿ ಕಟ್ಟಿಕೊಂಡಿದ್ದಾರೆ ಅಷ್ಟೇ.

ಹಾಗೆಂದು ಕಲೆ ಗೆದ್ದಿತೆಂದು ಬೀಗುವಂತೆಯೂ ಇಲ್ಲ. ಬುಧನ್ ನಾಟಕ ಆಡಿ ಇಪ್ಪತ್ತು ವರ್ಷವಾಗುತ್ತಿದ್ದಾಗ, 2018ರ ಜುಲೈ 26ರ ರಾತ್ರಿ ಪೋಲೀಸರು ಛಾರಾನಗರಕ್ಕೆ ನುಗ್ಗಿದರು. ಮನೆಮನೆಗೆ ಹೊಕ್ಕು ಹೊಡೆದರೆಂದೂ ವಾಹನಗಳನ್ನು ಒಡೆದರೆಂದೂ ಅಲ್ಲಿನ ಜನ ದೂರಿದರು. ಅಲ್ಲಿನ ವಕೀಲರೂ ಪ್ರತಿಭಟನೆಗೆ ಬೀದಿಗಿಳಿದರು. ಇಪ್ಪತ್ತು ವರ್ಷ ಆಡಿದ ನಾಟಕ ಲಾಠಿಯನ್ನು ತಡೆಯಲಿಲ್ಲ. ನಾಟಕದವರು ಸುಧಾರಿಸಬೇಕಾಗಿದ್ದುದು ಯಾರನ್ನು ಎಂಬ ಪ್ರಶ್ನೆಯನ್ನು ಆ ರಾತ್ರಿ ಮತ್ತೆ ನಮ್ಮ ಮುಂದಿಡುತ್ತದೆ. ಹುಡುಗರು ಶಿಬಿರಕ್ಕೆ ತಪ್ಪದೆ ಬಂದರು. ನಾವು ಒಂದು ದಿನವೂ ಹೋಗಲಿಲ್ಲ.

ನನಗೆ ಇನ್ನೂ ಒಂದು ಸಂದೇಹ ಉಳಿದಿದೆ, ಅದನ್ನು ಮುಚ್ಚಿಡಲಾರೆ. ನೊಂದವನು ಯಾವಾಗಲೂ ತನ್ನ ನೋವನ್ನೇ ಆಡಬೇಕೇ? ಛಾರಾ ಹುಡುಗ ಇಂದು ಏಟು ತಿನ್ನುವ ಪಾತ್ರ, ನಾಳೆಯೂ ಏಟು ತಿನ್ನುವ ಪಾತ್ರ ಮಾಡಿದರೆ, ನೋಡುವ ನಮಗೆ ಅದೂ ಒಂದು ಅಭ್ಯಾಸವಾಗಿಬಿಟ್ಟೀತು. ಅವನಿಗೆ ಹುಚ್ಚು ಪ್ರೇಮಿಯಾಗುವ, ಹಾಸ್ಯಗಾರನಾಗುವ, ಏನೂ ಅಲ್ಲದ ಸೇವಕನಾಗಿ ಒಂದೇ ಮಾತು ಆಡಿ ಹೋಗುವ ಅವಕಾಶವೂ ಬೇಕು. ಇಲ್ಲಿ ನಮ್ಮ ನಾಡಿನದೇ ಒಂದು ಪ್ರಯೋಗ ನೆನಪಿಗೆ ಬರುತ್ತದೆ. ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿಯವರು ಸೆರೆಮನೆಯ ಕೈದಿಗಳಿಂದ ನಾಟಕಗಳನ್ನು ಆಡಿಸಿದರು. ಅವುಗಳಲ್ಲೊಂದು ‘ಮಾರನಾಯಕನ ದೃಷ್ಟಾಂತ’. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಎಚ್. ಎಸ್. ಶಿವಪ್ರಕಾಶರು ಕನ್ನಡ ಮಣ್ಣಿಗೆ ಇಳಿಸಿದ್ದು. ಕೊಲೆ ಮಾಡಿ ಪಟ್ಟಕ್ಕೇರಿ, ಏರಿದ ಮೇಲೆ ನಿದ್ದೆ ಕಳೆದುಕೊಂಡವನ ಕಥೆ. ಕೈದಿಗಳು ಅದನ್ನು ಆಡುವಾಗ ಯಾರೂ ತನ್ನ ಮೊಕದ್ದಮೆಯನ್ನು ಹೇಳಿಕೊಳ್ಳಬೇಕಾಗಿರಲಿಲ್ಲ. ಕೊಲೆಯ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಮಾರನಾಯಕನೇ ಹೇಳುತ್ತಿದ್ದ. ಬೇರೆಯವನ ಮಾತು ಬಾಯಿಪಾಠ ಮಾಡುವುದರಲ್ಲಿ ಒಂದು ಬಿಡುಗಡೆ ಇದೆ. ತನ್ನ ಮಾತನ್ನು ಮೊದಲ ಬಾರಿಗೆ ಗಟ್ಟಿಯಾಗಿ ಹೇಳುವುದರಲ್ಲಿ ಇನ್ನೊಂದು. ಯಾವುದು ಯಾವಾಗ ಬೇಕೆಂಬುದನ್ನು ಆಡುವವನೇ ತೀರ್ಮಾನಿಸಬೇಕಲ್ಲದೆ ಟಿಕೆಟ್ಟು ಕೊಂಡವರಲ್ಲ.

ಆ ಸಭಾಂಗಣದ ಹಿರಿಯರನ್ನು ಆಮೇಲೆ ಒಮ್ಮೆ ಭೇಟಿಯಾದೆ. ಧೈರ್ಯ ಮಾಡಿ, ‘ಮುಂದಿನ ಸಲ ಹುಡುಗರ ಹೆಸರು, ಪಾತ್ರ ಇಷ್ಟನ್ನೇ ಹೇಳಿದರೆ ಸಾಲದೇ, ಸಾರ್?’ ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ಹಾಗೆ ಹೇಳಿದರೆ ದುಡ್ಡು ಯಾರು ಕೊಡುತ್ತಾರೆ, ಸ್ವಾಮಿ? ಬರೀ ಹುಡುಗರ ನಾಟಕವೆಂದಿದ್ದರೆ ನೀವು ಬರುತ್ತಿದ್ದಿರಾ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ವರ್ಷವಿಡೀ ಆ ಹುಡುಗರಿಗೆ ಊಟ ಹಾಕುತ್ತಿದ್ದವರು ಅವರು. ನಾನು ಒಂದು ಸಂಜೆ ಕೂತು ಎದ್ದು ಬಂದವನು.

ಮನೆಗೆ ಬಂದು ಮೇಜಿನ ಖಾನೆಯಲ್ಲಿ ಹುಡುಕಿದಾಗ ಆ ನಾಟಕದ ಕರಪತ್ರ ಸಿಕ್ಕಿತು. ಸಂಸ್ಥೆಯ ಪದಾಧಿಕಾರಿಗಳ ಹೆಸರುಗಳಿದ್ದವು, ಮುಖ್ಯ ಅತಿಥಿಗಳ ಹೆಸರಿತ್ತು, ದಾನಿಗಳ ಹೆಸರುಗಳು ದಪ್ಪಕ್ಷರದಲ್ಲಿದ್ದವು. ರಾಜನ ಪಾತ್ರ ಮಾಡಿದ ಹುಡುಗನ ಹೆಸರು ಇರಲಿಲ್ಲ. ಕಿರೀಟ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ಅವನು ಎರಡು ಅಂಕಗಳನ್ನೂ ಆಡಿ ಮುಗಿಸಿದ್ದ.